ಹನ್ನೆರಡು ಗಂಟೆ ಕಿಟಕಿ ಮುಚ್ಚಿಡಿ

ಹಿಂದಿನ ರಾತ್ರಿಯೇ ಫೋನು ಮಾಡಿ ಹೇಳಿರುತ್ತೇನೆ:
ಹನ್ನೆರಡು ಗಂಟೆ ಕಿಟಕಿ ಮುಚ್ಚಿಡಿ,
ಸೆಂಟು ಬೇಡ, ಊದಿನಕಡ್ಡಿ ಬೇಡ,
ಸಿಗರೇಟು ಸೇದುವ ಮಾವನನ್ನು ಕೆಳಗೆ ಕಳಿಸಿ,
ಮನೆ ತನ್ನ ಪಾಡಿಗೆ ತಾನು ಉಸಿರಾಡಲಿ.
ಗೋಡೆಗೂ ಕಿವಿಯಿದೆ ಅನ್ನುತ್ತಾರೆ.
ಹನ್ನೊಂದು ವರ್ಷ ಈ ಪೆಟ್ಟಿಗೆ ಹೊತ್ತು ತಿರುಗಿದ ನನಗೆ
ಕಂಡದ್ದು ಬರೀ ಬಾಯಿ.

ಇವತ್ತು ಇಪ್ಪತ್ತೇಳನೆಯ ಮಹಡಿ.
ಚೊಂಗ್‌ಚಿಂಗ್‌ನ ಜನವರಿ ಮಂಜು ಗಾಜಿಗೆ ಒರಗಿ ನಿಂತಿದೆ,
ಕೆಳಗೆ ಜಿಯಾಲಿಂಗ್ ನದಿ ಇದೆಯೆಂದು ನಂಬಬೇಕು.
ಸೊಸೆ ರೋಂಗ್ ಕೈಲಿನ್, ಏಳು ತಿಂಗಳ ಬಸುರಿ,
ಹೊಸ್ತಿಲ ಆಚೆ, ಲಿಫ್ಟಿನ ಪಕ್ಕ
ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಾಳೆ.
ಒಳಗೆ ಬಿಡುವುದಿಲ್ಲ ಅತ್ತೆ.

ಒಳಗೆ
ಖಾನೆ ಖಾನೆಯಲ್ಲೂ ಚಕ್ಕೋತದ ಸಿಪ್ಪೆ,
ಮಂಚದಡಿ ಇದ್ದಿಲ ಚೀಲ, ಬಕೆಟ್ಟಿನಲ್ಲಿ ವಿನೆಗರ್ ನೀರು,
ಮೂಲೆ ಮೂಲೆಗೆ ಮನಿಪ್ಲಾಂಟು.
ಒಂದೆಲೆ ಹಳದಿಯಾದರೂ ಬಗ್ಗಿ ನೋಡುತ್ತಾರೆ ಅತ್ತೆ,
ಜ್ವರದ ಮಗುವಿನ ನಾಲಗೆ ನೋಡಿದ ಹಾಗೆ.
"ಅರವತ್ತು ಚಕ್ಕೋತ ತಿಂದೆವಮ್ಮ ಈ ಚಳಿಗಾಲ,
ನನ್ನ ಮಗನ ಬಾಯೆಲ್ಲ ಹುಣ್ಣು."

ಸಿಪ್ಪೆಯ ಕೈಲಾಗುವುದು ಇಷ್ಟೇ,
ಒಂದು ವಾಸನೆಗೆ ಇನ್ನೊಂದನ್ನು ಹೊದಿಸುವುದು.
ಹೇಳಲಿಲ್ಲ. ಗುಂಡಿ ಒತ್ತಿದೆ.
ಇಪ್ಪತ್ತು ನಿಮಿಷ ಪಂಪು
ಮಲಗುವ ಕೋಣೆಯನ್ನು ಗುಟುಕು ಗುಟುಕಾಗಿ ಕುಡಿಯಿತು.
ಮದ್ದು ಹನಿಸಿ ಕಾದೆ.
ತಿಳಿನೀಲಿಯಾದರೆ ಟೀ ಕುಡಿದು ಹೊರಡುತ್ತೇನೆ.
ಇದು ಶಾಲೆಯ ಶಾಯಿಯ ನೀಲಿ.

ಸೊನ್ನೆ ಬಿಂದು ಒಂದು ಒಂಬತ್ತು.
ಇರಬೇಕಾದ್ದು ಸೊನ್ನೆ ಬಿಂದು ಸೊನ್ನೆ ಎಂಟರೊಳಗೆ.

"ಯಾವಾಗ ಹೋಗುತ್ತೆ?"
ಮಗ ತಾನ್ ಕೇಳಿದ, ದನಿ ತಗ್ಗಿಸಿ,
ಬಂದು ಬೀಡುಬಿಟ್ಟ ನೆಂಟರ ಬಗ್ಗೆ ಕೇಳುವಂತೆ.

ಮನೆಸಾಲ ಎಷ್ಟು ವರ್ಷದ್ದು ಅಂದೆ.
ಮೂವತ್ತು.
ಹಲಗೆಗೂ ಸಾಲವಿದೆ, ತಾನ್.
ಮರದ ಹೊಟ್ಟಿಗೆ ಅಂಟು ಕಲಸಿ ಅದುಮಿದ ದಿನ ಮಾಡಿದ್ದು,
ಕಂತು ಕಂತಾಗಿ ಗಾಳಿಗೆ ತೀರಿಸುತ್ತಿದೆ.
ಸೆಕೆಗೆ ಧಾರಾಳಿ, ಚಳಿಗೆ ಕೈಬಿಗಿ.
ಈಗ ಅಳೆದದ್ದು ಅದರ ಜಿಪುಣ ತಿಂಗಳು.
ಜುಲೈ ಬರಲಿ.

ಕಿಟಕಿ ತೆರೆದಿಡುತ್ತೇವೆ, ಹಗಲೂ ರಾತ್ರಿ, ಅಂದ.
ಇಡಿ. ಒಳ್ಳೆಯದೇ.
ಆದರೆ ಪರದೆ ಹೀರಿಟ್ಟುಕೊಂಡಿದೆ, ಹಾಸಿಗೆ, ದಿಂಬು,
ಸೋಫಾದಡಿಯ ನವಿರು ಧೂಳು ಕೂಡ.
ಕೋಣೆ ಖಾಲಿಯಾಯಿತೆಂದು ನೀವು ಕದ ಮುಚ್ಚಿದ ಮೇಲೆ
ಒಂದೊಂದಾಗಿ ತಂದು ಹಿಂದಿರುಗಿಸುತ್ತವೆ,
ಕೈಗಡ ಒಯ್ದ ಸಕ್ಕರೆಯ ಹಾಗೆ.

ಅತ್ತೆ ಬೀರುವಿನ ಅಂಚು ಸವರುತ್ತಿದ್ದರು.
ಅವರಪ್ಪ ಬಡಗಿಯಂತೆ. ಮದುವೆಗೆ ಕೊಟ್ಟದ್ದು
ಕರ್ಪೂರದ ಮರದ ಪೆಟ್ಟಿಗೆ,
ಒಂದು ಮೊಳೆಯಿಲ್ಲ, ತೊಟ್ಟು ಅಂಟಿಲ್ಲ, ಕೀಲಿಗೆ ಕೀಲು.
ಬೀರು ಹಿಡಿಸಬೇಕಲ್ಲ ಎಂದು ಹೋದ ಜೂನಿನಲ್ಲಿ
ಗುಜರಿಯವನಿಗೆ ಎತ್ತಿಕೊಟ್ಟೆ ಅಂದರು.
ಅದೂ ಕಮ್ಮಗೆ ಏನೋ ಬಿಡುತ್ತಿತ್ತಲ್ಲ, ಅಂದೆ.
"ಬಿಡುತ್ತಿತ್ತು. ಹುಳುವಿಗೆ ಹೇಳಿಯೇ ಬಿಡುತ್ತಿತ್ತು."

ವರದಿ ಬರೆದೆ. ಮೊಹರು ಒತ್ತಿದೆ.
ಹಣ ಎಣಿಸಿಕೊಂಡೆ, ಒಂದು ಚಕ್ಕೋತವನ್ನೂ ಕೊಟ್ಟರು,
ಸಿಪ್ಪೆ ಸುಲಿದದ್ದು.

ಹೊರಗೆ ಬಂದಾಗ ಕೈಲಿನ್ ಎದ್ದು ನಿಂತಿದ್ದಳು.
ಗೋಡೆಯ ಬಣ್ಣ ಆರಿಸಿದವಳು ತಾನು,
ಬಳಿದ ಮೇಲೆ ನೋಡಿಲ್ಲ, ಒಂದೇ ಸಲ, ಅಂದಳು.
ಅತ್ತೆ ನನ್ನ ಮುಖ ನೋಡಿದರು,
ನಾನು ಪೆಟ್ಟಿಗೆಯ ಚಿಲಕ ನೋಡಿದೆ.

ಹೊಸ್ತಿಲಲ್ಲಿ ನಿಂತು ಎದೆ ತುಂಬ ಉಸಿರೆಳೆದುಕೊಂಡಳು,
ಹೊಳೆಗೆ ಧುಮುಕುವವರ ಹಾಗೆ,
ತುಟಿ ಬಿಗಿದಳು, ಹೊಟ್ಟೆಯ ಮೇಲೆ ಕೈಯಿಟ್ಟು ಒಳಹೊಕ್ಕಳು.
ಗೋಡೆ ಮುಟ್ಟಿದಳು. ತೊಟ್ಟಿಲನ್ನು ಒಮ್ಮೆ ತೂಗಿದಳು, ಖಾಲಿಯದನ್ನು.
ಕಿಟಕಿಯ ಮಂಜಿಗೆ ಬೆನ್ನು ಹಾಕಿ ಎಲ್ಲ ಕಡೆ ಕಣ್ಣಾಡಿಸಿದಳು,
ಕೆನ್ನೆ ಕೆಂಪೇರಿ ಹೊರಗೆ ಬಂದು
ಲಿಫ್ಟಿನ ಬಾಗಿಲಿಗೆ ಹಣೆಯಾನಿಸಿ ಉಸಿರು ಬಿಟ್ಟಳು.

ಗಡಿಯಾರ ನೋಡುವುದು ನನಗೆ ಚಟ.
ಮೂವತ್ತೊಂದು ಸೆಕೆಂಡು.